ಕನ್ನಂಬಾಡಿಯ ನೀರೂ ವಿಶ್ವೇಶ್ವರಯ್ಯನವರೂ

ಮಳೆಯೊಂದನ್ನೇ ನಂಬಿ ಬಿತ್ತುವ ಗದಗು, ಬಿಂಕದಕಟ್ಟಿಗಳ ಕಡೆಯ ರೈತರಿಗೆ ಕೂಡಿಟ್ಟ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1884ರಲ್ಲಿ, ಅದೇ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ತರುಣ ಎಂಜಿನಿಯರರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದವರು ಅವರು. ಪುಣೆಯ ಬಳಿಯ ಖಡಕ್‌ವಾಸ್ಲಾ ಕಟ್ಟೆಗೆ 1903ರಲ್ಲಿ ಅವರು ಕೂಡಿಸಿದ ಸ್ವಯಂಚಾಲಿತ ಬಾಗಿಲುಗಳು, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸಿದವು.

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದರು. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. ಆದರೆ ಬೇಸಗೆಯಲ್ಲಿ ಕಾವೇರಿ ಬಡವಾಗುತ್ತಿದ್ದಳು. ಗಣಿಯ ಯಂತ್ರಕ್ಕೆ ಋತುವಿಲ್ಲ. ಅದಕ್ಕೆ ಹಗಲಿರುಳೂ ಒಂದೇ ಸಮನಾದ ಶಕ್ತಿ ಬೇಕು. ಮಳೆಗಾಲದ ಪ್ರವಾಹವನ್ನು ಕನ್ನಂಬಾಡಿಯಲ್ಲಿ ತಡೆದು, ಬೇಸಗೆಯಲ್ಲಿ ಅಳೆದು ಬಿಡುವುದೊಂದೇ ದಾರಿಯಾಗಿತ್ತು. ಜಲಾಶಯದ ಕಲ್ಪನೆ ಅವರಿಗಿಂತ ಹಿಂದಿನದೆಂಬುದನ್ನು ಅವರ ಅಭಿಮಾನಿಗಳು ಮರೆಯುವುದುಂಟು. ಅದನ್ನು ಹಿಡಿದು ಬಿಡದೆ ಸಾಧಿಸಿದ ಹಿರಿಮೆ ಮಾತ್ರ ಅವರದೇ.

ಇಷ್ಟು ಹಣ ಸುರಿದರೆ ಅಷ್ಟೊಂದು ವಿದ್ಯುತ್ತನ್ನು ಕೊಳ್ಳುವವರು ಯಾರು ಎಂದು ಸಂಸ್ಥಾನದ ಹಣಕಾಸಿನವರು ಅಡ್ಡಬಂದರು. ಮನನೊಂದ ವಿಶ್ವೇಶ್ವರಯ್ಯನವರು ದೂರ ಸರಿಯುವುದರಲ್ಲಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ತಡೆದು, 1911ರಲ್ಲಿ ಮಂಜೂರಾತಿ ಕೊಟ್ಟರು. ಆಗ ಹೊಸ ತೊಡಕು ಹುಟ್ಟಿತು. ತನ್ನ ಗದ್ದೆಗಳಿಗೆ ನೀರು ಕಡಿಮೆಯಾದೀತೆಂದು ಮದರಾಸು ಆಕ್ಷೇಪಿಸಿತು. 124 ಅಡಿ ನೀರು ನಿಲ್ಲಿಸುವ ಯೋಜನೆಯಿದ್ದರೂ, ಒಪ್ಪಿಗೆ ದೊರೆತದ್ದು ಕೇವಲ 80 ಅಡಿಗೆ. ಆದರೆ ಅಸ್ತಿಭಾರವನ್ನು ಅವರು ಹಾಕಿಸಿದ್ದು ಪೂರ್ಣ ಎತ್ತರವನ್ನು ಹೊರುವಷ್ಟು ಅಗಲವಾಗಿ! ಮುಂದೆಂದೂ ಅನುಮತಿ ಬಾರದಿದ್ದರೆ ಆ ಹಣವೆಲ್ಲ ನೆಲದೊಳಗೆ ಹೂತಂತಾಗುತ್ತಿತ್ತು. 1912ರಲ್ಲಿ ದಿವಾನರಾದಮೇಲೂ ಅವರ ಗಮನ ಕಟ್ಟೆಯಿಂದ ಸರಿಯಲಿಲ್ಲ. ಸಿಮೆಂಟಿನ ಬದಲು ಸುಣ್ಣ, ಸುರ್ಕಿಗಳ ಗಾರೆಯಲ್ಲಿ ಗೋಡೆ ಮೇಲೇರಿತು. ಸಾವಿರಾರು ಕೂಲಿಗಳು ಮಲೇರಿಯದ ನಡುವೆ ದುಡಿದರು.

ಗಣಿಗಳಿಂದ ಬರುವ ಆದಾಯವೇ ಮೊದಲ ಹಂತಕ್ಕೆ ಆಸರೆ. ರೈತನ ಸರದಿ ಬಹಳ ತಡವಾಗಿ ಬಂದಿತು. ಅವನ ನೀರು ಬೇರೊಂದು ಲೆಕ್ಕದ್ದು. ಶಕ್ತಿಗೆಂದು ಬಿಟ್ಟ ನೀರು ಜಲಪಾತದಲ್ಲಿ ಯಂತ್ರವನ್ನು ತಿರುಗಿಸಿ ಮತ್ತೆ ಹೊಳೆಯನ್ನೇ ಸೇರುತ್ತದೆ. ಜಲಾಶಯದಿಂದಲೇ ನಾಲೆಗೆ ತಿರುಗಿದ ನೀರಿನಲ್ಲಿ ಹೊಲ ಕುಡಿದು ಬಸಿದುಳಿದ ಪಾಲು ಮಾತ್ರ ನದಿಗೆ ಮರಳೀತು. ಈ ಎರಡು ಬಾಯಾರಿಕೆಗಳೂ ತಣಿಯಬೇಕಾದರೆ ಪೂರ್ಣ ಎತ್ತರದ ಕಟ್ಟೆಯೇ ಬೇಕಿತ್ತು. ಮದರಾಸಿನೊಡನೆ ಒಪ್ಪಂದವಾದದ್ದು 1924ರಲ್ಲಿ; ಅಷ್ಟರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟು ಐದು ವರ್ಷಗಳು ಕಳೆದಿದ್ದವು. ಅಂದು ಅಗಲವಾಗಿ ಹಾಕಿಸಿದ ಅಸ್ತಿಭಾರ ಆಗ ಕೆಲಸಕ್ಕೆ ಬಂದಿತು.

1931ರಲ್ಲಿ ಕಟ್ಟೆ ಮುಗಿಯಿತು. ಹಳೆಯ ಕನ್ನಂಬಾಡಿ ಊರು ನೀರಿನಡಿ ಸೇರಿತು. ಅಲ್ಲಿಯವರು ಮನೆ ಹೊಲಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಹುಲಿಕೆರೆಯ ಸುರಂಗವನ್ನು ಹಾದು ನಾಲೆಯ ನೀರು ಮಂಡ್ಯದ ಒಣ ಬಯಲಿಗೆ ಇಳಿಯಿತು. 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆಯೂ ಎದ್ದಿತು. 1962ರ ಏಪ್ರಿಲ್ 14ರಂದು, ನೂರು ದಾಟಿದ ವಯಸ್ಸಿನಲ್ಲಿ, ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡರು. ವೈಸರಾಯ್ ಇರ್ವಿನ್ನರ ಹೆಸರು ಹೊತ್ತಿದ್ದ ಆ ನಾಲೆಗೆ ಈಗ ಅವರ ಹೆಸರಿದೆ.