ಸೆರೆಯಲ್ಲೂ ನಿಲ್ಲದ ಲೆಕ್ಕ: ಮಿಲುಟಿನ್ ಮಿಲಾಂಕೊವಿಚ್

ಜೂನ್ ಬಂತೆಂದರೆ ನಮ್ಮೆಲ್ಲರ ಕಣ್ಣು ಆಕಾಶದ ಕಡೆಗೆ. ಮುಂಗಾರು ಒಂದು ವಾರ ತಡವಾದರೂ ಮನೆಮನೆಯಲ್ಲಿ ಅದೇ ಮಾತು. ಆದರೆ ಈ ಮಳೆ ಹಿಂದಿನಿಂದಲೂ ಹೀಗೆಯೇ ಸುರಿಯುತ್ತಿತ್ತೇ? ಇಲ್ಲ. ಸುಮಾರು 11,000 ವರ್ಷಗಳ ಹಿಂದಿನಿಂದ 5,000 ವರ್ಷಗಳ ಹಿಂದಿನವರೆಗೆ ಮಳೆಯ ಪಟ್ಟಿ ಇನ್ನೂ ಉತ್ತರಕ್ಕೆ ಚಾಚಿತ್ತು. ಇಂದು ಮರಳುಗಾಡಾಗಿರುವ ಸಹಾರಾದಲ್ಲಿ ಆಗ ಹುಲ್ಲುಗಾವಲುಗಳೂ ಸರೋವರಗಳೂ ಇದ್ದವು. ಅಲ್ಜೀರಿಯಾದ ತಸ್ಸಿಲಿ ಬೆಟ್ಟಗಳ ಬಂಡೆಗಳ ಮೇಲೆ ಅಂದಿನ ಜನ ಬಿಡಿಸಿದ ದನಗಳ ಹಿಂಡಿನ ಚಿತ್ರಗಳನ್ನು ಇಂದಿಗೂ ನೋಡಬಹುದು. ಈ ಬದಲಾವಣೆಯ ಕಾರಣವನ್ನು ತಿಳಿಯಲು ನೆರವಾದ ಲೆಕ್ಕ ಮಾಡಿದವರು ಸೆರ್ಬಿಯಾದ ಗಣಿತಜ್ಞ ಮಿಲುಟಿನ್ ಮಿಲಾಂಕೊವಿಚ್.

ಅವರು ಹುಟ್ಟಿದ್ದು 1879ರ ಮೇ 28ರಂದು, ಡ್ಯಾನ್ಯೂಬ್ ನದಿಯ ದಂಡೆಯ ದಾಲ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಒಸಿಯೆಕ್ ಪಟ್ಟಣದಲ್ಲಿ ಶಾಲೆ ಮುಗಿಸಿ, ವಿಯೆನ್ನಾದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, 1904ರಲ್ಲಿ ಡಾಕ್ಟರೇಟ್ ಪಡೆದರು. ಸೇತುವೆ, ಅಣೆಕಟ್ಟುಗಳ ಕೆಲಸದಲ್ಲಿ ಒಳ್ಳೆಯ ಹೆಸರೂ ಸಂಪಾದನೆಯೂ ಇದ್ದವು. ಆದರೂ 1909ರಲ್ಲಿ ಅದನ್ನು ಬಿಟ್ಟು, ಕಡಿಮೆ ಸಂಬಳಕ್ಕೆ ಬೆಲ್‌ಗ್ರೇಡ್ ವಿಶ್ವವಿದ್ಯಾಲಯದ ಅಧ್ಯಾಪಕರಾದರು. ಭೂಮಿಯ ಹವಾಮಾನವನ್ನು ಗಣಿತದಿಂದ ವಿವರಿಸಬೇಕೆಂಬ ಹಂಬಲ ಅವರದು.

ಭೂಮಿಯ ಚಲನೆಗೂ ಹಿಮಯುಗಗಳಿಗೂ ನಂಟಿದೆ ಎಂಬ ವಿಚಾರ ಹೊಸದಲ್ಲ. ಸ್ಕಾಟ್ಲೆಂಡಿನ ಕಾಲೇಜೊಂದರಲ್ಲಿ ಜವಾನರಾಗಿದ್ದುಕೊಂಡು ಸ್ವಂತವಾಗಿ ಓದಿ ಕಲಿತ ಜೇಮ್ಸ್ ಕ್ರೋಲ್ 19ನೇ ಶತಮಾನದಲ್ಲೇ ಅದನ್ನು ಮಂಡಿಸಿದ್ದರು. ಕೊರತೆಯಿದ್ದದ್ದು ನಿಖರ ಲೆಕ್ಕಕ್ಕೆ.

1914ರಲ್ಲಿ ಮಿಲಾಂಕೊವಿಚ್ ಮದುವೆಯಾಗಿ ಪತ್ನಿಯೊಂದಿಗೆ ಹುಟ್ಟೂರಿಗೆ ಹೋದರು. ಅಷ್ಟರಲ್ಲಿ ಮಹಾಯುದ್ಧ ಶುರುವಾಯಿತು. ಸೆರ್ಬಿಯಾದ ಪ್ರಜೆ ಎಂಬ ಕಾರಣಕ್ಕೆ ಅವರನ್ನು ಬಂಧಿಸಿದರು. ತಾವು ಓದಿದ ಊರಾದ ಒಸಿಯೆಕ್‌ನ ಕೋಟೆಯಲ್ಲೇ ಸೆರೆವಾಸ! ಅಲ್ಲಿಯೂ ಅವರು ಕಾಗದ, ಪೆನ್ನು ತೆಗೆದು ಲೆಕ್ಕ ಮುಂದುವರಿಸಿದರು. ಪತ್ನಿಯ ಓಡಾಟ ಮತ್ತು ವಿಯೆನ್ನಾದ ಪ್ರಾಧ್ಯಾಪಕರೊಬ್ಬರ ಶಿಫಾರಸಿನಿಂದ ಸೆರೆಮನೆಯಿಂದ ಹೊರಬಂದರೂ, ಯುದ್ಧ ಮುಗಿಯುವ ತನಕ ಬುಡಾಪೆಸ್ಟ್ ಬಿಟ್ಟು ಹೋಗುವಂತಿರಲಿಲ್ಲ. ಆ ವರ್ಷಗಳನ್ನು ಅಲ್ಲಿನ ಗ್ರಂಥಾಲಯದಲ್ಲಿ ಕಳೆದರು. 1920ರಲ್ಲಿ ಅವರ ಗ್ರಂಥ ಪ್ಯಾರಿಸ್‌ನಲ್ಲಿ ಪ್ರಕಟವಾಯಿತು.

ಅವರ ಲೆಕ್ಕದಲ್ಲಿ ಮೂರು ಅಂಶಗಳಿವೆ. ಭೂಮಿಯ ಕಕ್ಷೆಯ ಆಕಾರ ಸುಮಾರು 1,00,000 ವರ್ಷಗಳಲ್ಲಿ ಬದಲಾಗುತ್ತದೆ. ಅಕ್ಷದ ಓರೆ 41,000 ವರ್ಷಗಳಲ್ಲಿ ಹೆಚ್ಚುಕಡಿಮೆಯಾಗುತ್ತದೆ. ತಿರುಗುವ ಬುಗುರಿ ತಲೆದೂಗುವಂತೆ ಅಕ್ಷವೂ ತೂಗುವುದರಿಂದ, ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವ ತಿಂಗಳು ಸುಮಾರು 23,000 ವರ್ಷಗಳ ಆವರ್ತದಲ್ಲಿ ಸರಿಯುತ್ತದೆ. ಈಗ ಅದು ಜನವರಿಯಲ್ಲಿದೆ. ಸುಮಾರು 11,000 ವರ್ಷಗಳ ಹಿಂದೆ ನಮ್ಮ ಬೇಸಿಗೆಯ ಕಡೆಗಿತ್ತು. ಆಗ ಉತ್ತರಾರ್ಧದ ನೆಲ ಹೆಚ್ಚು ಕಾದು, ಸಮುದ್ರದ ತೇವದ ಗಾಳಿಯನ್ನು ಒಳನಾಡಿಗೆ ಇನ್ನಷ್ಟು ಎಳೆದುಕೊಂಡಿತು. ಹೀಗೆ ಸಹಾರಾಕ್ಕೂ ಅರೇಬಿಯಾಕ್ಕೂ ಮಳೆ ಬಂತು. ಕ್ರಮೇಣ ಬಿಸಿಲು ತಗ್ಗಿದಂತೆ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿಯಿತು. ಒಮಾನಿನ ಸಲಾಲಾ ಕಡೆಗೆ ಇಂದಿಗೂ ಮುಂಗಾರಿನ ಅಂಚು ತಾಗುತ್ತದೆ. ಅಲ್ಲಿನ ಗುಹೆಯೊಂದರ ಸುಣ್ಣದ ಕಂಬಗಳಲ್ಲಿ ಆ ಹಿನ್ನಡೆಯ ದಾಖಲೆ ಉಳಿದಿದೆ.

ಮಿಲಾಂಕೊವಿಚ್ ಅವರ ಮುಖ್ಯ ಗುರಿ ಹಿಮಯುಗಗಳಾಗಿದ್ದವು. ಜರ್ಮನಿಯ ಹವಾಮಾನ ತಜ್ಞ ಕೊಪ್ಪೆನ್ ಅವರ ಸಲಹೆಯಂತೆ ಬೇಸಿಗೆಯ ಬಿಸಿಲಿಗೆ ಗಮನ ಕೊಟ್ಟು, ಆರು ಲಕ್ಷಕ್ಕೂ ಹೆಚ್ಚು ವರ್ಷಗಳ ಲೆಕ್ಕವನ್ನು ಕೈಯಲ್ಲೇ ಮಾಡಿದರು. ಕಂಪ್ಯೂಟರ್ ಇರಲಿ, ಕ್ಯಾಲ್ಕುಲೇಟರ್ ಕೂಡ ಇಲ್ಲದ ದುಡಿಮೆ ಅದು. ಎಲ್ಲವನ್ನೂ ಒಟ್ಟುಗೂಡಿಸಿದ ಅವರ ದೊಡ್ಡ ಗ್ರಂಥ 1941ರಲ್ಲಿ ಅಚ್ಚಾಗುತ್ತಿದ್ದಾಗ ಬೆಲ್‌ಗ್ರೇಡ್ ಮೇಲೆ ಬಾಂಬ್ ಬಿತ್ತು. ಮುದ್ರಣಾಲಯ ನಾಶವಾಯಿತು. ಪುಣ್ಯಕ್ಕೆ, ಅಚ್ಚಾಗಿದ್ದ ಹಾಳೆಗಳಲ್ಲಿ ಬಹುಪಾಲು ಉಳಿದವು.

1950ರ ದಶಕದಲ್ಲಿ ಹಲವು ವಿಜ್ಞಾನಿಗಳು ಅವರ ಸಿದ್ಧಾಂತವನ್ನು ಬದಿಗಿಟ್ಟರು. 1958ರ ಡಿಸೆಂಬರ್ 12ರಂದು ಅವರು ತೀರಿಕೊಂಡಾಗ ಮನ್ನಣೆ ಬಹಳ ದೂರವಿತ್ತು. 1976ರಲ್ಲಿ ಹಿಂದೂ ಮಹಾಸಾಗರದ ತಳದ ಕೆಸರನ್ನು ಪರೀಕ್ಷಿಸಿದಾಗ ಅವರು ಲೆಕ್ಕ ಹಾಕಿದ್ದ ಆವರ್ತಗಳೇ ಅಲ್ಲಿ ಕಂಡವು. 1981ರಲ್ಲಿ ಅಮೆರಿಕದ ಜಾನ್ ಕುಟ್ಸ್‌ಬಾಕ್ 9,000 ವರ್ಷಗಳ ಹಿಂದಿನ ಭೂಕಕ್ಷೆಯನ್ನು ಕಂಪ್ಯೂಟರಿಗೆ ಕೊಟ್ಟಾಗ ಬಲವಾದ ಮುಂಗಾರು ಮೂಡಿಬಂತು.

ಫಲಿತಾಂಶ ಬೇಗ ಬರಬೇಕೆಂದು ನಾವೆಲ್ಲ ಕಾತರಿಸುತ್ತೇವೆ. ಮಿಲಾಂಕೊವಿಚ್ ಅವರ ಉತ್ತರ ಸರಿಯೆಂದು ಲೋಕ ಒಪ್ಪಿದ್ದು ಅವರು ತೀರಿದ 18 ವರ್ಷಗಳ ಮೇಲೆ. ನೋಡುವವರು ಯಾರೂ ಇಲ್ಲದಾಗಲೂ ಅವರು ಹಂತ ಬಿಡದೆ ಲೆಕ್ಕ ಮಾಡಿದ್ದರು. ಅದಕ್ಕೇ ಅದು ಉಳಿಯಿತು.