ಚಿತ್ರಕೊರೆತಗಾರನಾದ ಬರ್ನಾರ್ ಪಿಕಾರನ ಚರಿತ್ರೆ

ನಮ್ಮ ಹಳ್ಳಿಯ ಮನೆಗಳಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಚೊಂಬು ಮುಂತಾದ ಪಾತ್ರೆಗಳ ಮೇಲೆ ಯಜಮಾನನ ಹೆಸರನ್ನು ಕೊರೆದಿರುವದನ್ನು ವಾಚಕರೆಲ್ಲರೂ ಕಂಡಿರುವರು. ಮರಳಿನಲ್ಲಿ ಬರೆದದ್ದನ್ನು ಗಾಳಿಯು ಅಳಿಸಿಬಿಡುವದು. ಲೋಹದಲ್ಲಿ ಕೊರೆದದ್ದಾದರೋ ಮೊಮ್ಮಕ್ಕಳ ಕಾಲದ ವರೆಗೂ ನಿಲ್ಲುವದು. ಸರಿಯಾಗಿ ಕೊರೆದದ್ದು ನಿಲ್ಲುವ ಹಾಗೆಯೇ ತಪ್ಪಾಗಿ ಕೊರೆದದ್ದೂ ನಿಲ್ಲುವದು. ಆದದರಿಂದ ಈ ಕಸುಬಿನವನು ಕೈಯಿಡುವ ಮೊದಲು ಚೆನ್ನಾಗಿ ಕಣ್ಣಿಟ್ಟು ನೋಡಬೇಕು. ಹೀಗೆ ನೋಡಿ ಕೊರೆಯುವದನ್ನೇ ತನ್ನ ಜೀವಮಾನದ ಕೆಲಸವನ್ನಾಗಿ ಮಾಡಿಕೊಂಡು, ಮನಸ್ಸಾಕ್ಷಿಯ ನಿಮಿತ್ತವಾಗಿ ಹುಟ್ಟಿದ ದೇಶವನ್ನು ಬಿಟ್ಟುಹೋದ ಒಬ್ಬನ ಚರಿತ್ರೆಯನ್ನು ನಾವು ಈ ತಿಂಗಳಲ್ಲಿ ವಾಚಕರ ಮುಂದೆ ಇಡುತ್ತೇವೆ.

ಬರ್ನಾರ್ ಪಿಕಾರನು 1673ನೆಯ ಇಸವಿ ಜೂನ್ 11ನೆಯ ತಾರೀಖಿನಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯಾದ ಎತಿಯೆನ್ ಪಿಕಾರನೂ ಇದೇ ಕಸುಬಿನವನು. ರೋಮಾಪುರಿಯಲ್ಲಿ ಕೆಲವು ಕಾಲ ಇದ್ದು ಬಂದದರಿಂದ ಜನರು ಅವನನ್ನು ರೋಮಿನವನೆಂದು ಕರೆಯುತ್ತಿದ್ದರು. ಮಗನು ಮೊದಲು ತಂದೆಯ ಬಳಿಯಲ್ಲಿಯೂ ತರುವಾಯ ಸೆಬಾಸ್ತಿಯನ್ ಲೆಕ್ಲೇರನೆಂಬ ಪ್ರಸಿದ್ಧ ಗುರುವಿನ ಬಳಿಯಲ್ಲಿಯೂ ಕಲಿತನು. ಚಿಕ್ಕ ಪ್ರಾಯದಲ್ಲಿಯೇ ಅವನ ಕೈ ಬಹು ನುರಿತದ್ದಾಯಿತು.

ಈ ಕಸುಬಿನ ಕ್ರಮವನ್ನು ಸ್ವಲ್ಪ ವಿವರಿಸುವದು ಒಳ್ಳೇದು. ಕನ್ನಡಿಯಂತೆ ನುಣುಪು ಮಾಡಿದ ತಾಮ್ರದ ತಗಡಿನ ಮೇಲೆ ಮೊದಲು ತೆಳ್ಳಗೆ ಮೇಣವನ್ನು ಸವರುವರು. ಆ ಮೇಣವನ್ನು ಸೂಜಿಯಿಂದ ಗೀರಿ ಚಿತ್ರವನ್ನು ಬರೆದ ಮೇಲೆ ತಗಡಿಗೆ ದ್ರಾವಕವನ್ನು ಹೊಯ್ಯುವರು. ಮೇಣವಿರುವ ಸ್ಥಳಕ್ಕೆ ದ್ರಾವಕವು ಏನೂ ಮಾಡಲಾರದು. ಗೀರಿದ ಸ್ಥಳದಲ್ಲಿ ಮಾತ್ರ ತಾಮ್ರವನ್ನು ತಿಂದು ಗೆರೆಯನ್ನು ಆಳಮಾಡುವದು. ಇನ್ನೂ ಸೂಕ್ಷ್ಮವಾದ ಗೆರೆಗಳನ್ನು ಉಕ್ಕಿನ ಚಿಕ್ಕ ಉಳಿಯಿಂದ ಕೈಯಲ್ಲೇ ಕೊರೆಯುವರು. ಬಳಿಕ ಗೆರೆಗಳಲ್ಲಿ ಮಸಿಯನ್ನು ತುಂಬಿ, ಮೇಲಿನ ಮಸಿಯನ್ನು ಒರಸಿ, ನೆನಸಿದ ಕಾಗದವನ್ನು ತಗಡಿನ ಮೇಲಿಟ್ಟು ಎರಡು ಉರುಳೆಗಳ ನಡುವೆ ಒತ್ತಿದರೆ ಚಿತ್ರವು ಕಾಗದಕ್ಕೆ ಇಳಿಯುವದು. ಕಾಗದದ ಮೇಲೆ ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ತಿರುಗಿ ಬರುವದರಿಂದ, ಕೊರೆಯುವವನು ಎಲ್ಲವನ್ನೂ ತಿರುವಿಯೇ ಯೋಚಿಸಬೇಕು. ಚಾಯಾಚಿತ್ರದ ಯಂತ್ರವಿಲ್ಲದ ಆ ಕಾಲದಲ್ಲಿ ದೂರದೇಶದ ಸಂಗತಿಯನ್ನು ಸಾಮಾನ್ಯ ಜನರ ಕಣ್ಣಿಗೆ ಕಾಣಿಸುವ ಮುಖ್ಯ ಸಾಧನವು ಇದೇ ಆಗಿತ್ತು.

ಪಿಕಾರನ ಬಾಲ್ಯದಲ್ಲಿ ಫ್ರಾನ್ಸಿನ ಪ್ರೊಟೆಸ್ಟಂಟರಿಗೆ ದೊಡ್ಡ ಸಂಕಟವು ಬಂತು. ಹಾನ್ರಿ ಎಂಬ ಅರಸನು 1598ರಲ್ಲಿ ನಾಂತ್ ಪಟ್ಟಣದ ಶಾಸನದ ಮೂಲಕ ಅವರಿಗೆ ಕೊಟ್ಟಿದ್ದ ಆರಾಧನೆಯ ಸ್ವಾತಂತ್ರ್ಯವನ್ನು ಹದಿನಾಲ್ಕನೆಯ ಲೂಯಿ ಅರಸನು 1685ರ ಅಕ್ಟೋಬರದಲ್ಲಿ ರದ್ದು ಮಾಡಿದನು. ದೇವಾಲಯಗಳು ಕೆಡವಲ್ಪಟ್ಟವು, ಬೋಧಕರು ದೇಶದಿಂದ ಅಟ್ಟಲ್ಪಟ್ಟರು. ಸಾಮಾನ್ಯ ವಿಶ್ವಾಸಿಗಳು ದೇಶಬಿಟ್ಟು ಹೋಗಬಾರದೆಂದು ಆಜ್ಞೆಯಾಯಿತು. ಆದಾಗ್ಯೂ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಗುಪ್ತವಾಗಿ ಹಾಲೆಂಡ್, ಇಂಗ್ಲೆಂಡ್, ಜರ್ಮನಿ, ಸ್ವಿಟ್ಜರ್ಲೆಂಡ್ ದೇಶಗಳಿಗೆ ಓಡಿಹೋದರು. ಆಗ ಬರ್ನಾರನಿಗೆ ಹನ್ನೆರಡು ವರುಷ. ಅವನ ಮನೆಯವರು ರೋಮನ್ ಕಥೋಲಿಕರಾದದರಿಂದ ಈ ಹಿಂಸೆಯು ಅವರನ್ನು ಮುಟ್ಟಲಿಲ್ಲ.

1696ರಲ್ಲಿ ಅವನು ಕಸುಬಿನ ಸಲುವಾಗಿ ಆಂಟ್‌ವರ್ಪ್ ಪಟ್ಟಣಕ್ಕೂ ಹಾಲೆಂಡಿಗೂ ಹೋಗಿ ಎರಡು ವರುಷ ಇದ್ದು ಪ್ಯಾರಿಸಿಗೆ ತಿರಿಗಿ ಬಂದನು. 1702ರಲ್ಲಿ ಮದುವೆಯಾದನು. ಕೆಲಸವು ತುಂಬಾ ಇತ್ತು, ಹೆಸರೂ ಬಂದಿತ್ತು. ಆದರೆ 1708ರಲ್ಲಿ ಅವನ ಹೆಂಡತಿಯು ತೀರಿಹೋದಳು. ಅವಳಲ್ಲಿ ಹುಟ್ಟಿದ ಮಕ್ಕಳೂ ಬದುಕಿ ಉಳಿಯಲಿಲ್ಲ. ಈ ದಿವಸಗಳಲ್ಲಿ ಅವನೂ ಪುಸ್ತಕವ್ಯಾಪಾರಿಯಾದ ಪ್ರೋಸ್ಪೆರ್ ಮಾರ್ಶಾನನೆಂಬ ಗೆಳೆಯನೂ ಪ್ರೊಟೆಸ್ಟಂಟ್ ಮತದ ಕಡೆಗೆ ಮನಸ್ಸು ತಿರುಗಿಸಿದರು. ಫ್ರಾನ್ಸಿನಲ್ಲಿದ್ದುಕೊಂಡು ಅದನ್ನು ಬಹಿರಂಗವಾಗಿ ಅರಿಕೆಮಾಡುವದು ಸಾಧ್ಯವಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮನೆ, ಮಾನ, ಕೆಲಸ ಎಲ್ಲವೂ ಉಳಿಯುತ್ತಿದ್ದವು. ಪಿಕಾರನು ಹಾಗೆ ಮಾಡದೆ, 1710ನೆಯ ಇಸವಿಯಲ್ಲಿ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ, ಸುಮಾರು ಎಪ್ಪತ್ತೆಂಟು ವರುಷದ ಮುದಿತಂದೆಯನ್ನು ಕರಕೊಂಡು ಗೆಳೆಯನ ಸಂಗಡ ಹಾಲೆಂಡಿನ ಹೇಗ್ ಪಟ್ಟಣಕ್ಕೆ ಹೋದನು. ಹೊಸ ದಾರಿಯನ್ನು ಹಿಡಿದವನು ಹೆತ್ತವರನ್ನು ಕೈಬಿಡುವನೆಂಬ ದೂರನ್ನು ನಾವೂ ಕೇಳಿದ್ದೇವಷ್ಟೆ. ಪಿಕಾರನ ವಿಷಯದಲ್ಲಿ ಹಾಗಾಗಲಿಲ್ಲ. ಆ ಮುದುಕನು 1721ರಲ್ಲಿ ಸಾಯುವ ವರೆಗೂ ಮಗನ ಊರಾದ ಆಮ್‌ಸ್ಟರ್‌ಡಾಮಿನಲ್ಲಿಯೇ ಇದ್ದನು.

ಪಿಕಾರನು 1711ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ನೆಲೆಸಿ, ಫ್ರೆಂಚ್ ಭಾಷೆಯಲ್ಲಿ ಆರಾಧನೆ ನಡೆಸುತ್ತಿದ್ದ ವಾಲೂನ್ ಸಭೆಗೆ ಸೇರಿದನು. ಮರುವರುಷ ಕಾಗದದ ವ್ಯಾಪಾರಿಯೊಬ್ಬನ ಮಗಳಾದ ಆನ್ ವಿನ್ಸೆಂಟ್ ಎಂಬವಳನ್ನು ಮದುವೆಯಾದನು. ಅನೇಕ ಶಿಷ್ಯರಿಗೆ ಚಿತ್ರವಿದ್ಯೆಯನ್ನು ಕಲಿಸಿದನು. ಹೇಗ್ ಪಟ್ಟಣದಲ್ಲಿ 1728ರಲ್ಲಿ ಪ್ರಕಟವಾದ ಸತ್ಯವೇದದ ದೊಡ್ಡ ಚಿತ್ರಗ್ರಂಥದಲ್ಲಿ ಅವನ ಕೈಕೆಲಸವೂ ಸೇರಿದೆ.

ಆದರೆ ಅವನ ಹೆಸರು ಇಂದಿಗೂ ಉಳಿದಿರುವದು ಬೇರೊಂದು ಕೆಲಸದಿಂದ. ಝಾನ್ ಫ್ರೆಡೆರಿಕ್ ಬರ್ನಾರನೆಂಬ ಪುಸ್ತಕಪ್ರಕಾಶಕನು ಆ ಊರಲ್ಲಿದ್ದನು; ಇವನು ನಾಂತ್ ಶಾಸನವು ರದ್ದಾದ ಮೇಲೆ ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟಂಟ್ ಮನೆತನದವನು. ಲೋಕದ ಸಕಲ ಜನಾಂಗಗಳ ಮತಾಚಾರಗಳನ್ನು ಒಂದೇ ಗ್ರಂಥದಲ್ಲಿ ಕೂಡಿಸಿ ತೋರಿಸಬೇಕೆಂದು ಇವರಿಬ್ಬರೂ ಗೊತ್ತುಮಾಡಿಕೊಂಡರು. ಬರ್ನಾರನು ಬರಹವನ್ನು ಒದಗಿಸಿದನು, ಪಿಕಾರನು ಚಿತ್ರಗಳನ್ನು ಒದಗಿಸಿದನು. ಮೊದಲನೆಯ ಸಂಪುಟವು 1723ರಲ್ಲಿಯೂ ಏಳನೆಯದು 1737ರಲ್ಲಿಯೂ ಹೊರಟವು. ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪುಟಗಳೂ ಸುಮಾರು 250 ಚಿತ್ರಫಲಕಗಳೂ ಇವೆ. ಯೆಹೂದ್ಯರು, ರೋಮನ್ ಕಥೋಲಿಕರು, ಅಮೇರಿಕದ ಮೂಲನಿವಾಸಿಗಳು, ಹಿಂದೂದೇಶದವರು, ಗ್ರೀಕ್ ಸಭೆಯವರು, ಪ್ರೊಟೆಸ್ಟಂಟರು, ಮುಸಲ್ಮಾನರು, ಎಲ್ಲರೂ ಅದರಲ್ಲಿ ಕಾಣಿಸಿಕೊಳ್ಳುತ್ತಾರೆ.

ಇವುಗಳಲ್ಲಿ ಯೆಹೂದ್ಯರ ಚಿತ್ರಗಳನ್ನು ವಿಶೇಷವಾಗಿ ಹೇಳತಕ್ಕದ್ದು. ಆ ಕಾಲದ ಯೂರೋಪಿನಲ್ಲಿ ಯೆಹೂದ್ಯರನ್ನು ಹಾಸ್ಯಕ್ಕೂ ಹಗೆಗೂ ಗುರಿಮಾಡಿ ಬರೆಯುವದು ವಾಡಿಕೆಯಾಗಿತ್ತು. ಪಿಕಾರನು ಆ ವಾಡಿಕೆಯನ್ನು ಅನುಸರಿಸಲಿಲ್ಲ. ಪೋರ್ತುಗಾಲಿನಿಂದ ಹಿಂಸೆಗೆ ತಪ್ಪಿಸಿಕೊಂಡು ಬಂದ ಯೆಹೂದ್ಯರ ಸಂತತಿಯವರು ಅವನ ಊರಲ್ಲಿಯೇ ಇದ್ದರು. ಅವನು ಅವರ ಸಭಾಮಂದಿರಕ್ಕೂ ಮನೆಗಳಿಗೂ ಹೋಗಿ ಕಣ್ಣಾರೆ ಕಂಡು ಚಿತ್ರಿಸಿದನು. 1725ರಲ್ಲಿ ಅವನು ಬರೆದ ಪಸ್ಕಹಬ್ಬದ ಊಟದ ಚಿತ್ರದಲ್ಲಿ ಒಂದು ಕುಟುಂಬದವರು ಪುಸ್ತಕಗಳನ್ನು ಹಿಡುಕೊಂಡು ದೀಪದ ಕೆಳಗೆ ಮೇಜಿನ ಸುತ್ತಲೂ ಕೂತಿದ್ದಾರೆ. ಹುಳಿಹಿಟ್ಟನ್ನು ಮನೆಯ ಮೂಲೆಮೂಲೆಗಳಲ್ಲಿ ಹುಡುಕುವದು, ಪರ್ಣಶಾಲೆಗಳ ಹಬ್ಬದಲ್ಲಿ ಗುಡಿಸಲೊಳಗೆ ಊಟಮಾಡುವದು, ಇವೆಲ್ಲವನ್ನೂ ಮರ್ಯಾದೆಯಿಂದ ತೋರಿಸಿದ್ದಾನೆ. ಅವನ ಚಿತ್ರಗಳನ್ನು ನೋಡಿದವರಿಗೆ, ಇವರೂ ನಮ್ಮ ಹಾಗೆಯೇ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹಬ್ಬ ಮಾಡುವ ಮನುಷ್ಯರೆಂದು ತಿಳಿದುಬಂತು.

ನಮ್ಮ ದೇಶದ ಸಂಗತಿಯಲ್ಲಾದರೋ ಅವನಿಗೆ ಅಂಥ ಅನುಕೂಲವಿರಲಿಲ್ಲ. ಅವನು ಹಿಂದೂದೇಶಕ್ಕೆ ಎಂದಿಗೂ ಬರಲಿಲ್ಲ. ಮದ್ರಾಸಿನ ಉತ್ತರಕ್ಕಿರುವ ಪಳವೇರ್ಕಾಡಿನಲ್ಲಿ ಬೋಧಕನಾಗಿದ್ದ ಅಬ್ರಹಾಂ ರೋಗೇರಿಯುಸನೆಂಬ ಡಚ್ಚನು ಪದ್ಮನಾಭನೆಂಬ ಬ್ರಾಹ್ಮಣನಿಂದ ಕೇಳಿ ತಿಳಿದು ಬರೆದ ಗ್ರಂಥವೊಂದು 1651ರಲ್ಲಿ ಅಚ್ಚಾಗಿತ್ತು. ಬರ್ನಾರನು ಅದನ್ನು ತನ್ನ ಬರಹಕ್ಕೆ ಆಧಾರ ಮಾಡಿಕೊಂಡನು. ಪಿಕಾರನು ತಾವೆರ್ನಿಯೇ ಮುಂತಾದ ಪ್ರಯಾಣಿಕರ ಪುಸ್ತಕಗಳಲ್ಲಿದ್ದ ಚಿತ್ರಗಳನ್ನು ನೋಡಿ ತನ್ನವನ್ನು ಕೊರೆದನು. ಆಲದ ಮರದ ಕೆಳಗೆ ಕೈಯೆತ್ತಿ ನಿಂತು ತಪಸ್ಸು ಮಾಡುವ ಬೈರಾಗಿಗಳ ಚಿತ್ರವು ಇಂಥದು. ಈ ದೇಶದ ನಿವಾಸಿಗಳು ಅದನ್ನು ನೋಡಿದರೆ, ಮುಖಗಳೂ ಮೈಕಟ್ಟುಗಳೂ ಯೂರೋಪಿನವರದೆಂದು ಒಡನೆ ಹೇಳುವರು. ಅವನು ಕಂಡು ಬರೆದದ್ದಕ್ಕೂ ಕೇಳಿ ಬರೆದದ್ದಕ್ಕೂ ಇರುವ ವ್ಯತ್ಯಾಸವು ಇದರಿಂದ ಸ್ಪಷ್ಟವಾಗುತ್ತದೆ.

ಅವನ ಕಸುಬಿನ ಅಭಿಮಾನದ ಒಂದು ಸಂಗತಿಯನ್ನೂ ಹೇಳಬೇಕು. ಹಳೇ ಕಾಲದ ಗುರುಗಳ ಹಾಗೆ ಕೊರೆಯುವದು ಈಗಿನವರಿಗೆ ಆಗದೆಂದು ಚಿತ್ರಸಂಗ್ರಹಕಾರರು ಜಂಬದಿಂದ ಹೇಳುತ್ತಿದ್ದರು. ಪಿಕಾರನು ಆ ಗುರುಗಳ ರೀತಿಯಲ್ಲಿಯೇ ಕೆಲವು ಚಿತ್ರಗಳನ್ನು ಕೊರೆದು ಹೆಸರು ಹಾಕದೆ ಹೊರಗೆ ಬಿಟ್ಟನು. ಬಲ್ಲವರೆನಿಸಿಕೊಂಡವರೂ ಅವುಗಳನ್ನು ಹಳೆಯವೆಂದೇ ನಂಬಿದರು. ಈ ಜಾತಿಯ 78 ಚಿತ್ರಗಳ ಸಂಗ್ರಹವನ್ನು, ನಿರಪರಾಧವಾದ ಮೋಸಗಳು ಎಂಬ ಅರ್ಥದ ಹೆಸರಿನಿಂದ, ಅವನ ಹೆಂಡತಿಯು 1734ರಲ್ಲಿ ಪ್ರಕಟಿಸಿದಳು. ಮೋಸಕ್ಕೆ ನಿರಪರಾಧವೆಂಬ ಹೆಸರು ಒಪ್ಪುವದೋ ಎಂಬದನ್ನು ವಾಚಕರೇ ವಿಚಾರಿಸಿಕೊಳ್ಳಲಿ. ಅಂತೂ ಕಣ್ಣಿಂದ ನೋಡದೆ ಹೆಸರನ್ನು ಮಾತ್ರ ನೋಡಿ ಬೆಲೆಕಟ್ಟುವವರ ಬಾಯಿ ಕಟ್ಟಿತು.

ತನ್ನ ದೊಡ್ಡ ಗ್ರಂಥವು ಪೂರ್ತಿಯಾದದ್ದನ್ನು ಪಿಕಾರನು ನೋಡಲಿಲ್ಲ. 1733ನೆಯ ಇಸವಿ ಮೇ 8ನೆಯ ತಾರೀಖಿನಲ್ಲಿ, ಅರುವತ್ತು ವರುಷ ತುಂಬುವ ಮೊದಲೇ, ಆಮ್‌ಸ್ಟರ್‌ಡಾಮಿನಲ್ಲಿ ತೀರಿಹೋದನು. ಉಳಿದ ಸಂಪುಟಗಳು ಇತರರ ಕೈಯಿಂದ ಮುಗಿದವು. ಗ್ರಂಥವು ಡಚ್ ಮತ್ತು ಇಂಗ್ಲಿಷ್ ಭಾಷೆಗಳಿಗೂ ಪರಿವರ್ತನವಾಯಿತು. ರೋಮಾಪುರಿಯ ಅಧಿಕಾರಿಗಳು 1738ರಲ್ಲಿ ಅದನ್ನು ಓದಬಾರದ ಪುಸ್ತಕಗಳ ಪಟ್ಟಿಯಲ್ಲಿ ಸೇರಿಸಿದರು. ಹಾಗಿದ್ದರೂ 1741ರಲ್ಲಿ ಇಬ್ಬರು ಕಥೋಲಿಕ ಯಾಜಕರು ಬರಹವನ್ನು ತಮ್ಮ ಮತಕ್ಕೆ ತಕ್ಕಂತೆ ತಿದ್ದಿ, ಚಿತ್ರಗಳನ್ನು ಇಟ್ಟುಕೊಂಡು, ಪ್ಯಾರಿಸಿನಲ್ಲಿಯೇ ಅಚ್ಚುಹಾಕಿಸಿದರು. ಬದುಕಿದ್ದಾಗ ತನ್ನ ವಿಶ್ವಾಸದ ಸಂಗಡ ವಾಸಿಸಲಾಗದೆ ಬಿಟ್ಟುಹೋದ ಊರಿಗೆ ಅವನ ಕೈಕೆಲಸವು ಹೀಗೆ ಹಿಂದಿರುಗಿತು.

ನಮ್ಮಲ್ಲಿ ಅನೇಕರಿಗೆ ಅಣ್ಣತಮ್ಮಂದಿರೂ ಸೋದರಮಾವಂದಿರೂ ಬೇರೆ ಮತದಲ್ಲಿದ್ದಾರೆ. ಅವರ ಅಂಗಳವೂ ನಮ್ಮ ಅಂಗಳವೂ ಒಂದಕ್ಕೊಂದು ತಾಕಿಕೊಂಡಿವೆ. ಅವರನ್ನು ಕುರಿತು ನಾವು ಮಕ್ಕಳ ಮುಂದೆ ಆಡುವ ಮಾತು ಆ ಎಳೇ ಮನಸ್ಸಿನಲ್ಲಿ ತಾಮ್ರದ ಮೇಲಿನ ಗೆರೆಯಂತೆ ನಿಲ್ಲುವದು. ಪಿಕಾರನು ತನ್ನ ವಿಶ್ವಾಸಕ್ಕಾಗಿ ದೇಶವನ್ನೇ ಬಿಟ್ಟನು. ಆದರೂ ನೆರೆಯವನ ವಿಶ್ವಾಸವನ್ನು ವಿಕಾರಮಾಡಿ ಬರೆಯಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದವನ ಕೆಲಸವು ನಿಂತಿತು. ಕಾಣದೆ ಬರೆದ ಕಡೆಯಲ್ಲಿ ಅವನೂ ತಪ್ಪಿದನು. ನೆರೆಮನೆಯವರ ವಿಷಯ ಮಾತಾಡುವ ಮುಂಚೆ ಹೋಗಿ ನೋಡಿದೆವೋ ಎಂದು ನಾವೂ ನಮ್ಮನ್ನು ಕೇಳಿಕೊಳ್ಳೋಣ.