ಸಂಬಳವಿಲ್ಲದ ಸಹಾಯಕ, ಕ್ಯೂನಲ್ಲಿ ನಿಂತ ಎಲೆಕ್ಟ್ರಾನ್

ರೂಮ್‌ಮೇಟ್‌ಗೆ ಪ್ಲೇಸ್‌ಮೆಂಟ್ ಆಗಿ ನಮಗೆ ಆಗದೇ ಹೋದ ರಾತ್ರಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ? ಜಪಾನಿನ ಭೌತವಿಜ್ಞಾನಿ ಸಿನ್-ಇಟಿರೊ ಟೊಮೊನಾಗಾ ಅಂಥ ರಾತ್ರಿಗಳನ್ನು ಬಹಳ ಕಂಡವರು.

ಹುಟ್ಟಿದ್ದು 1906ರಲ್ಲಿ, ಟೋಕಿಯೊದಲ್ಲಿ. ಚಿಕ್ಕಂದಿನಿಂದಲೂ ಕಾಯಿಲೆ. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಹಿದೆಕಿ ಯುಕಾವಾ ಅವರ ಸಹಪಾಠಿ. 1929ರಲ್ಲಿ ಇಬ್ಬರೂ ಪದವಿ ಮುಗಿಸಿದಾಗ ಆರ್ಥಿಕ ಕುಸಿತ, ಎಲ್ಲೂ ಕೆಲಸವಿಲ್ಲ. ಅಲ್ಲೇ ಸಂಬಳವಿಲ್ಲದ ಸಹಾಯಕರಾಗಿ ಉಳಿದರು. 1932ರಲ್ಲಿ ಯೋಶಿಯೊ ನಿಶಿನಾ ಎಂಬ ಗುರು ಟೊಮೊನಾಗಾರನ್ನು ಟೋಕಿಯೊದ ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಂಡರು.

1935ರಲ್ಲಿ ಯುಕಾವಾ ಮೆಸಾನ್ ಸಿದ್ಧಾಂತ ಮಂಡಿಸಿದರು, ಕೆಲವೇ ವರ್ಷಗಳಲ್ಲಿ ಜಗತ್ತಿಗೇ ಪರಿಚಿತರಾದರು. ಟೊಮೊನಾಗಾ ಆಗ ಜರ್ಮನಿಯ ಲೈಪ್‌ಜಿಗ್‌ನಲ್ಲಿ, ಹೈಸೆನ್‌ಬರ್ಗ್ ಬಳಿ ಇದ್ದರು. ಲೆಕ್ಕ ಮುಂದೆ ಸಾಗುತ್ತಿರಲಿಲ್ಲ. ಗೆಳೆಯ ಎಲ್ಲಿ, ನಾನೆಲ್ಲಿ ಎಂಬ ಕೊರಗನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ನಿಶಿನಾ ಬರೆದ ಸಮಾಧಾನದ ಪತ್ರ ಓದಿ ಅತ್ತೂಬಿಟ್ಟರು. (ನೊಬೆಲ್ ಪಡೆದವರೂ ಹೀಗಿದ್ದರೇ ಎಂದು ನನಗೆ ಆಶ್ಚರ್ಯ, ಸ್ವಲ್ಪ ಧೈರ್ಯವೂ.) 1939ರಲ್ಲಿ ಯುದ್ಧ ಶುರುವಾಗಿ ಊರಿಗೆ ಮರಳಿದರು.

ಬಾಂಬ್ ಬಿದ್ದು ಹಾಳಾಗಿದ್ದ ಟೋಕಿಯೊದಲ್ಲೇ ಶಿಷ್ಯರನ್ನು ಕೂಡಿಸಿಕೊಂಡು ಎಲೆಕ್ಟ್ರಾನ್ ಮತ್ತು ಬೆಳಕಿನ ಲೆಕ್ಕದಲ್ಲಿ ಬರುತ್ತಿದ್ದ ಅನಂತಗಳ ಕಾಟವನ್ನು ಬಿಡಿಸಿದರು. 1965ರ ನೊಬೆಲ್ ಬಂದದ್ದು ಇದಕ್ಕೆ, ಶ್ವಿಂಗರ್ ಮತ್ತು ಫೈನ್‌ಮನ್ ಜೊತೆ.

ಆದರೆ ಎಲೆಕ್ಟ್ರಾನಿಕ್ಸ್ ಓದುವ ನನಗೆ ಹೆಚ್ಚು ಹಿಡಿಸಿದ್ದು ಅವರ ಇನ್ನೊಂದು ಕೆಲಸ. 1949ರಲ್ಲಿ ಯುಕಾವಾಗೆ ನೊಬೆಲ್ ಬಂತು. ಅದೇ ವರ್ಷ ಟೊಮೊನಾಗಾ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದರು. ಅಲ್ಲಿ ಮನೆಯ ನೆನಪು ಕಾಡುತ್ತಿದ್ದರೂ ಒಂದೇ ಗೆರೆಯ ಮೇಲೆ ಚಲಿಸುವ ಎಲೆಕ್ಟ್ರಾನ್‌ಗಳ ಬಗ್ಗೆ ಯೋಚಿಸಿದರು. ದೇವಸ್ಥಾನದ ಕ್ಯೂ ನೆನೆಸಿಕೊಳ್ಳಿ. ಎರಡೂ ಕಡೆ ಕಂಬಿ, ಯಾರೂ ಯಾರನ್ನೂ ದಾಟುವಂತಿಲ್ಲ. ಹಿಂದಿನವನು ತಳ್ಳಿದರೆ ಆ ತಳ್ಳು ಅಲೆಯಾಗಿ ಮುಂದಿನವರೆಗೂ ಹೋಗುತ್ತದೆ. ತೆಳು ತಂತಿಯಲ್ಲೂ ಅಷ್ಟೇ. ಒಂಟಿ ಎಲೆಕ್ಟ್ರಾನ್‌ಗೆ ಅರ್ಥವೇ ಉಳಿಯುವುದಿಲ್ಲ, ಇರುವುದು ಶಬ್ದದಂಥ ಸಾಮೂಹಿಕ ಅಲೆ. ಹಾಗೆ ನೋಡಿದರೆ ಬಿಡಿಸಲಾಗದ ಲೆಕ್ಕ ಸಲೀಸು. 1950ರಲ್ಲಿ ಇದನ್ನು ಪ್ರಕಟಿಸಿದರು.

1963ರಲ್ಲಿ ಲಟಿಂಜರ್ ಇದೇ ದಾರಿಯಲ್ಲಿ ಇನ್ನೊಂದು ಮಾದರಿ ಕೊಟ್ಟರು. 1981ರಲ್ಲಿ ಹಾಲ್ಡೇನ್ ಈ ಸ್ಥಿತಿಗೆ ಲಟಿಂಜರ್ ದ್ರವ ಎಂದು ಹೆಸರಿಟ್ಟರು. ಟೊಮೊನಾಗಾ ಹೆಸರು ಎಷ್ಟೋ ಕಡೆ ಬಿಟ್ಟೇ ಹೋಗಿದೆ, ನನಗಿದು ಅನ್ಯಾಯವೆನಿಸುತ್ತದೆ. 1999ರ ಹೊತ್ತಿಗೆ ಕಾರ್ಬನ್ ನ್ಯಾನೋಟ್ಯೂಬ್‌ಗಳಲ್ಲಿ ಇದರ ಗುರುತು ಸಿಕ್ಕಿತು. ಇಂದು ಕ್ವಾಂಟಮ್ ತಂತಿಗಳ ಟೊಪೊಲಾಜಿಕಲ್ ಸ್ಥಿತಿಗಳನ್ನು ಹುಡುಕುವವರೂ ಎಲೆಕ್ಟ್ರಾನ್‌ಗಳ ಪರಸ್ಪರ ತಳ್ಳಾಟವನ್ನು ಲೆಕ್ಕ ಹಾಕಲು ಈ ಅಲೆಗಳ ವಿಧಾನವನ್ನೇ ಬಳಸುತ್ತಾರೆ.

ನೊಬೆಲ್ ಪಡೆಯಲು ಅವರು ಸ್ಟಾಕ್‌ಹೋಮ್‌ಗೆ ಹೋಗಲಿಲ್ಲ. ಸಂತೋಷಕೂಟದಲ್ಲಿ ಕುಡಿದು ಬಚ್ಚಲಲ್ಲಿ ಜಾರಿಬಿದ್ದು ಪಕ್ಕೆಲುಬು ಮುರಿದುಕೊಂಡಿದ್ದರು. 1979ರಲ್ಲಿ ಟೋಕಿಯೊದಲ್ಲಿ ತೀರಿಕೊಂಡರು. ಯುಕಾವಾ ಇನ್ನೂ ಎರಡು ವರ್ಷ ಬದುಕಿದ್ದರು.